ಉರಿಯುವ ಟೈರು, ಒಣಗಿದ ಉಪನಾಲೆ: ಸುದ್ದಿಚಿತ್ರಕ್ಕೆ ಯಾವುದು ಬೇಕು?

ಪ್ರಶ್ನೆ: ನಾನು ಮಂಡ್ಯದಲ್ಲಿ ಪತ್ರಿಕೆಯೊಂದಕ್ಕೆ ಬಿಡಿಯಾಗಿ ಫೋಟೊ ಕೊಡುತ್ತೇನೆ. ಕಾವೇರಿ ಹೋರಾಟದ ಸಮಯದಲ್ಲಿ ಸಂಜಯ ವೃತ್ತದಲ್ಲಿ ಟೈರ್ ಉರಿಯುವ ನನ್ನ ಚಿತ್ರ ಮುಖಪುಟಕ್ಕೆ ಹೋಯಿತು. ಅದೇ ವಾರ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಹಳ್ಳಿಗೆ ಹೋಗಿ ಒಣಗಿದ ಗದ್ದೆ, ರೈತರು, ಅವರ ಮನೆ ಎಲ್ಲ ತೆಗೆದು ಹನ್ನೆರಡು ಚಿತ್ರ ಕೊಟ್ಟೆ. ಒಂದೂ ಬರಲಿಲ್ಲ. ಡೆಸ್ಕ್‌ನವರು ‘ಕಣ್ಣಿಗೆ ಹೊಡೆಯೋದು ಕೊಡಿ’ ಅಂತಾರೆ. ಹಿರಿಯ ಛಾಯಾಗ್ರಾಹಕರು ‘ಕಥೆ ಹೇಳೋ ಚಿತ್ರ ತೆಗಿ’ ಅಂತಾರೆ. ಯಾವುದನ್ನು ಕಲಿಯಲಿ? ಒಂದೇ ಕೆಲಸದಲ್ಲಿ ಎರಡನ್ನೂ ಮಾಡಲು ಆಗುತ್ತದೆಯೇ? ನನ್ನ ಹತ್ತಿರ ಕ್ರಾಪ್ ಸೆನ್ಸರ್ ಕ್ಯಾಮೆರಾ, 18–55 ಮತ್ತು 55–250 ಎಂ.ಎಂ. ಲೆನ್ಸ್, ಒಂದು ಫೋನ್ ಇದೆ.

ಉತ್ತರ: ಮೊದಲು ನಿಮ್ಮ ಡೆಸ್ಕ್‌ನ ಪರವಾಗಿ ಎರಡು ಮಾತು. ಅವರ ಮುಂದಿರುವುದು ಮೂರೋ ನಾಲ್ಕೋ ಕಾಲಂನ ಒಂದೇ ಜಾಗ. ರಾತ್ರಿ ಪುಟ ಕಟ್ಟುವ ಹೊತ್ತಿನಲ್ಲಿ ನಿಮ್ಮ ಹನ್ನೆರಡು ಚಿತ್ರ ತೆರೆದು ನೋಡಲು ಸಿಗುವುದು ಒಂದೆರಡು ನಿಮಿಷ. ಅದೇ ಚಿತ್ರವನ್ನು ಫೋನಿನಲ್ಲಿ ನೋಡುವ ಓದುಗರಿಗೆ ಅದು ಆರು ಸೆಂಟಿಮೀಟರ್ ಅಗಲ ಕಂಡರೆ ಹೆಚ್ಚು, ಬೆರಳು ಆಗಲೇ ಮುಂದಕ್ಕೆ ಸರಿಯುತ್ತಿರುತ್ತದೆ. ಹೀಗಿರುವಾಗ ‘ಕಣ್ಣಿಗೆ ಹೊಡೆಯೋದು ಕೊಡಿ’ ಎಂಬುದನ್ನು ಕೆಟ್ಟ ಅಭಿರುಚಿಯ ಮಾತೆಂದು ತಳ್ಳಿಹಾಕಬೇಡಿ. ಕಣ್ಣು ನಿಲ್ಲದ ಚಿತ್ರದಲ್ಲಿ ಎಷ್ಟು ಆಳವಿದ್ದರೂ ಅಲ್ಲಿಗೆ ಇಳಿಯುವವರೇ ಇರುವುದಿಲ್ಲ.

ಆದರೆ ಆ ಹೊಡೆತ ಎಲ್ಲಿಂದ ಬರಬೇಕು ಎಂಬಲ್ಲಿ ಡೆಸ್ಕ್ ಎಡವುತ್ತದೆ. ಬೆಂಕಿ, ರಕ್ತ, ಅಳುವ ಮುಖ, ಎತ್ತಿದ ಮುಷ್ಟಿ ಯಾವ ಊರಲ್ಲಿದ್ದರೂ ಕಣ್ಣು ಹಿಡಿಯುತ್ತವೆ. ನಿಮ್ಮ ಮುಖಪುಟದ ಚಿತ್ರವನ್ನು ತೆರೆದು, ಅಡಿಬರಹವನ್ನು ಬೆರಳಿಂದ ಮುಚ್ಚಿ, ಮೂರು ಪ್ರಶ್ನೆ ಕೇಳಿ ನೋಡಿ. ಇದು ಯಾವ ಊರು? ಯಾವ ಸಲದ ಹೋರಾಟ? ಯಾತಕ್ಕಾಗಿ? ಕಾವೇರಿ ನೀರಿಗಾಗಿ ಮಂಡ್ಯ 2016ರ ಸೆಪ್ಟೆಂಬರಿನಲ್ಲೂ ಬೀದಿಗೆ ಇಳಿದಿತ್ತು, 2023ರ ಸೆಪ್ಟೆಂಬರಿನಲ್ಲೂ ಇಳಿದಿತ್ತು. ಹಳೆಯ ಟೈರಿನ ಚಿತ್ರವನ್ನೇ ಹೊಸ ಸುದ್ದಿಗೆ ಹಾಕಿದರೂ ಓದುಗರಿಗೆ ತಿಳಿಯುವುದಿಲ್ಲ ಎಂದಾದರೆ ಆ ಚಿತ್ರ ಸುದ್ದಿಗೆ ಅಲಂಕಾರವಾಯಿತೇ ಹೊರತು ಸುದ್ದಿಯಾಗಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಕಣ್ಣಿಗೆ ಹೊಡೆಯುವ ಪರಿಣಾಮದ ಚಿತ್ರ, ಕಥೆ ಹೇಳುವ ಚಿತ್ರ ಎಂದು ಎರಡು ಜಾತಿ ಮಾಡುವುದೇ ದಾರಿ ತಪ್ಪಿಸುವ ಮಾತು. ಕಣ್ಣು ಹಿಡಿಯುವ ಒಂದು ಅಂಶ, ‘ಯಾತಕ್ಕೆ’ ಎಂಬುದಕ್ಕೆ ಸುಳಿವು ಕೊಡುವ ಒಂದು ಅಂಶ, ಇವೆರಡೂ ಒಂದೇ ಫ್ರೇಮಿನಲ್ಲಿ ಬೀಳುವಂತೆ ನಿಲ್ಲುವುದು ಕಲಿಯಬಹುದಾದ ಕೆಲಸ. ಅದು ಆಗದ ಕಡೆ ಎರಡು ಚಿತ್ರ ಬೇಕು. ಎರಡರಲ್ಲೂ ಹಿಡಿಯಲಾಗದ ಸಂಗತಿಗೆ ಮಾತ್ರ ಆರೆಂಟು ಚಿತ್ರಗಳ ಸರಣಿ ಬೇಕು. ಈ ಕ್ರಮದಲ್ಲೇ ಹೋಗೋಣ.

ಸಂಜಯ ವೃತ್ತವನ್ನೇ ತೆಗೆದುಕೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ಟೈರಿನ ಜ್ವಾಲೆ ಪೇಲವವಾಗಿ ಕಾಣುತ್ತದೆ. ಅದು ಎದ್ದು ಕಾಣಲೆಂದು ಎಲ್ಲರೂ ಎಕ್ಸ್‌ಪೋಷರ್ ಇಳಿಸುತ್ತಾರೆ. ಇಳಿಸಿದೊಡನೆ ಜ್ವಾಲೆಗೆ ಬಣ್ಣ ಬರುತ್ತದೆ, ಹೊಗೆ ಇನ್ನಷ್ಟು ಕಪ್ಪಾಗುತ್ತದೆ, ಜತೆಗೆ ಟವೆಲ್ ಸುತ್ತಿದ ತಲೆಗಳ ಕೆಳಗಿನ ಮುಖಗಳು ಬರೀ ಕಪ್ಪು ಆಕಾರಗಳಾಗುತ್ತವೆ. ಅಂದರೆ ಪರಿಣಾಮಕ್ಕಾಗಿ ಮಾಡಿದ ಅದೇ ಹೊಂದಾಣಿಕೆ ಚಿತ್ರದಿಂದ ಮನುಷ್ಯರನ್ನು ತೆಗೆದುಹಾಕುತ್ತದೆ. ಸುದ್ದಿ ಕಾಗದದ ಮೇಲೆ ಇದು ಇನ್ನೂ ಹದಗೆಡುತ್ತದೆ. ಆ ಕಾಗದ ಮಸಿ ಹೀರಿ ಹರಡಿಸುವುದರಿಂದ ತೆರೆಯ ಮೇಲೆ ತುಸು ಕಪ್ಪಾಗಿದ್ದ ಮುಖ ಅಚ್ಚಿನಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಬೆಂಕಿಯನ್ನು ಬಿಡಿ, ಮುಖಕ್ಕೆ ಅಳತೆ ಮಾಡಿ. ತೆರೆದ ಬಿಸಿಲಿಗೆ ಐಎಸ್‌ಒ 200, ಎಫ್/8, 1/800 ಸೆಕೆಂಡ್ ಹತ್ತಿರ ಇರುತ್ತದೆ. ಮುಖ ನೆರಳಲ್ಲಿದ್ದರೆ ಅಲ್ಲಿಂದ ಅರ್ಧ ಸ್ಟಾಪಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಡಿ. ಜ್ವಾಲೆಯ ಒಡಲು ಬೆಳ್ಳಗಾದರೂ ಅದು ಬೆಂಕಿ ಎಂದು ಎಲ್ಲರಿಗೂ ತಿಳಿಯುತ್ತದೆ.

ಇನ್ನು ನಿಲ್ಲುವ ಜಾಗ. ಹೆಚ್ಚಿನವರು ದೂರ ನಿಂತು 250ರಲ್ಲಿ ಜನರನ್ನು ಒತ್ತೊತ್ತಾಗಿ ತೋರಿಸುತ್ತಾರೆ. ದೂರದಿಂದ ತೆಗೆದಾಗ ಮುಂದಿನವರಿಗೂ ಹಿಂದಿನವರಿಗೂ ಇರುವ ಅಂತರ ಕುಗ್ಗಿದಂತೆ ಕಂಡು ಅರವತ್ತು ಜನರ ಗುಂಪೂ ಸಾಗರದಂತೆ ತೋರುತ್ತದೆ. ತೀರಾ ಹತ್ತಿರ ಹೋಗಿ ವೈಡ್‌ನಲ್ಲಿ ತೆಗೆದರೂ ಹತ್ತು ಜನ ಫ್ರೇಮ್ ತುಂಬಿ ಅದೇ ಭ್ರಮೆ ಹುಟ್ಟಿಸುತ್ತಾರೆ. ಆದ್ದರಿಂದ ಗುಂಪಿನ ಅಂಚು ಕಾಣುವ ಒಂದು ಚಿತ್ರ, ಸಾಧ್ಯವಾದರೆ ಯಾವುದಾದರೂ ಮಹಡಿಯಿಂದ, ಕಡ್ಡಾಯವಾಗಿ ಇಟ್ಟುಕೊಳ್ಳಿ. ಅಚ್ಚಾಗದಿದ್ದರೂ ಪರವಾಗಿಲ್ಲ. ಎಷ್ಟು ಜನ ಸೇರಿದ್ದರು ಎಂದು ಡೆಸ್ಕ್ ಕೇಳಿದಾಗ ನಿಮ್ಮ ಕೈಯಲ್ಲಿರುವ ಪುರಾವೆ ಅದು.

ನಿಮ್ಮ 18–55 ಲೆನ್ಸ್ ಈ ಕೆಲಸಕ್ಕೆ ಸಾಕು, ಅದರ ಬಗ್ಗೆ ಕೀಳರಿಮೆ ಬೇಡ. 18ರಲ್ಲಿ ಎಫ್/8 ಇಟ್ಟು ಸುಮಾರು 2.2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 1.1 ಮೀಟರಿನಿಂದ ಹಿಡಿದು ಕಣ್ಣಳತೆಯ ಕೊನೆಯವರೆಗೂ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಫೋಕಸ್ ಅಲ್ಲೇ ಕಟ್ಟಿಹಾಕಿ ಆಟೊಫೋಕಸ್ ತೆಗೆದುಬಿಡಿ. ಈಗ ಎರಡು ಮೀಟರ್ ದೂರದಲ್ಲಿ ಕೂಗುತ್ತಿರುವ ಮುಖ, ಅದರ ಹಿಂದೆ ಬೆಂಕಿ, ಅದರ ಹಿಂದೆ ವೃತ್ತದ ಅಂಗಡಿಗಳ ಕನ್ನಡ ಫಲಕ ಮತ್ತು ನಿಂತುಹೋದ ಬಸ್ಸು, ಮೂರನ್ನೂ ಒಂದರ ಮೇಲೊಂದು ಬೀಳದಂತೆ ಹೊಂದಿಸಬಹುದು. ಮುಂದಿನ ತಲೆ ಹಿಂದಿನ ಫಲಕವನ್ನು ಮುಚ್ಚುತ್ತಿದ್ದರೆ ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಯಿರಿ, ಇಲ್ಲವೇ ಕ್ಯಾಮೆರಾವನ್ನು ಒಂದು ಅಡಿ ಮೇಲೆತ್ತಿ. ಈ ಅರ್ಧ ಹೆಜ್ಜೆಯಲ್ಲೇ ಊರು ಒಳಗೆ ಬರುತ್ತದೆ ಅಥವಾ ಹೊರಗುಳಿಯುತ್ತದೆ. ಗಾಳಿ ನಿಮ್ಮ ಬೆನ್ನಿನಿಂದ ಬೆಂಕಿಯ ಕಡೆಗೆ ಬೀಸುವಂತೆ ನಿಲ್ಲಿ. ಟೈರಿನ ಹೊಗೆ ವಿಷ, ಲೆನ್ಸಿಗೂ ಅಂಟುತ್ತದೆ.

‘ಯಾತಕ್ಕೆ’ ಎಂಬ ಸುಳಿವು ಭಿತ್ತಿಪತ್ರದಲ್ಲೇ ಇರಬೇಕೆಂದಿಲ್ಲ. ಪ್ರತಿಭಟನೆಗೆ ಒಣಗಿದ ಭತ್ತದ ಪೈರಿನ ಕಟ್ಟು, ಖಾಲಿ ಕೊಡ, ಕೆಆರ್‌ಎಸ್ ಮಟ್ಟ ಬರೆದ ಹಲಗೆ ಏನಾದರೂ ಒಂದನ್ನು ಯಾರೋ ತಂದೇ ಇರುತ್ತಾರೆ. ಕ್ಯಾಮೆರಾ ಕಂಡು ಎತ್ತಿ ಹಿಡಿದ ಕ್ಷಣವನ್ನು ಬಿಡಿ. ಅದೇ ಕಟ್ಟನ್ನು ಪಕ್ಕಕ್ಕಿಟ್ಟು ಬೆವರು ಒರೆಸಿಕೊಳ್ಳುವ ಹೊತ್ತಿಗೆ ಕಾಯಿರಿ. ಮೊದಲ ಹದಿನೈದು ನಿಮಿಷ ಡೆಸ್ಕಿಗೆ ಬೇಕಾದ ಚಿತ್ರ ತೆಗೆದು, ಅಲ್ಲೇ ಫೋನಿನಿಂದ ಒಂದನ್ನು ಕಳಿಸಿಬಿಡಿ. ಆ ಮೇಲೆ ನಿಮ್ಮ ಮೇಲಿನ ಒತ್ತಡ ಇಳಿಯುತ್ತದೆ. ಟಿವಿಯವರು ಮೈಕ್ ಮಡಚಿ ಹೊರಟ ನಂತರದ ಅರ್ಧ ಗಂಟೆ ಜನ ನಟಿಸುವುದನ್ನು ನಿಲ್ಲಿಸುತ್ತಾರೆ. ಆ ಅರ್ಧ ಗಂಟೆಯನ್ನು ಬಿಟ್ಟುಕೊಡಬೇಡಿ.

ಒಂದೇ ಕ್ಷಣದ ಚಿತ್ರ ಎಷ್ಟು ಬಲಶಾಲಿ, ಎಷ್ಟು ಅಪೂರ್ಣ ಎಂಬುದಕ್ಕೆ ಅಮೆರಿಕದ ಸುದ್ದಿ ಛಾಯಾಗ್ರಾಹಕ ಎಡ್ಡಿ ಆಡಮ್ಸ್ ವಿಯೆಟ್ನಾಂ ಯುದ್ಧದಲ್ಲಿ ತೆಗೆದ ಚಿತ್ರವನ್ನು ನೆನೆಯಬೇಕು. 1968ರ ಫೆಬ್ರುವರಿ 1ರಂದು ಸೈಗಾನ್ ಬೀದಿಯಲ್ಲಿ ದಕ್ಷಿಣ ವಿಯೆಟ್ನಾಮಿನ ಪೊಲೀಸ್ ಮುಖ್ಯಸ್ಥ ನುಯೆನ್ ನೋಕ್ ಲೋನ್ ಕೈಕಟ್ಟಿದ ಕೈದಿಯೊಬ್ಬನ ತಲೆಗೆ ಗುಂಡು ಹಾರಿಸಿದ ಕ್ಷಣ ಅದು. ಮರುವರ್ಷ ಅಮೆರಿಕದ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಬಂತು, ಅಮೆರಿಕದಲ್ಲಿ ಯುದ್ಧದ ವಿರುದ್ಧದ ಅಭಿಪ್ರಾಯಕ್ಕೆ ಅದು ಗುರುತಾಯಿತು. ಕೈಕಟ್ಟಿದವನನ್ನು ಕೊಲ್ಲುವುದು ತಪ್ಪು ಎಂಬುದನ್ನು ಆ ಚಿತ್ರ ಸಂದೇಹವಿಲ್ಲದೆ ಹೇಳುತ್ತದೆ. ಅದಕ್ಕೆ ಮುನ್ನ ಆ ನಗರದಲ್ಲಿ ಏನು ನಡೆದಿತ್ತು ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. 1998ರಲ್ಲಿ ಆ ಅಧಿಕಾರಿ ತೀರಿಕೊಂಡಾಗ ಆಡಮ್ಸ್, ಕೈದಿಯನ್ನು ಅವನು ಕೊಂದ, ಅವನನ್ನು ನನ್ನ ಕ್ಯಾಮೆರಾ ಕೊಂದಿತು ಎಂಬರ್ಥದಲ್ಲಿ ಬರೆದರು. ಚಿತ್ರ ತೆಗೆದದ್ದು ತಪ್ಪಾಯಿತು ಎಂದು ಇದನ್ನು ಓದಬೇಡಿ. ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಹಿಂದುಮುಂದು ಇರುತ್ತದೆ, ಅದನ್ನು ಸಂಗ್ರಹಿಸುವುದೂ ಛಾಯಾಗ್ರಾಹಕನ ಕೆಲಸ.

ದಕ್ಷಿಣ ಆಫ್ರಿಕಾದ ಛಾಯಾಗ್ರಾಹಕ ಕೆವಿನ್ ಕಾರ್ಟರ್ ಅವರ ಸುಡಾನ್ ಚಿತ್ರ ಇನ್ನೊಂದು ಬಗೆಯ ಪಾಠ. ಹಸಿವಿನಿಂದ ಕುಸಿದ ಮಗು, ಹಿಂದೆ ರಣಹದ್ದು. 1993ರ ಮಾರ್ಚ್ 26ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದೊಡನೆ ಓದುಗರು ಕೇಳಿದ್ದು ಒಂದೇ ಪ್ರಶ್ನೆ: ಆ ಮಗು ಏನಾಯಿತು? ಪತ್ರಿಕೆ ಕೆಲ ದಿನಗಳಲ್ಲೇ ಸಂಪಾದಕರ ಟಿಪ್ಪಣಿ ಹಾಕಬೇಕಾಯಿತು. ಹದ್ದನ್ನು ಓಡಿಸಿದ ಮೇಲೆ ಮಗು ನಡೆಯುವಷ್ಟು ಚೇತರಿಸಿಕೊಂಡಿತು, ಆದರೆ ಆಹಾರ ಕೇಂದ್ರ ಮುಟ್ಟಿತೇ ಎಂಬುದು ತಿಳಿಯದು ಎಂದು. ನಿಮ್ಮ ಚಿತ್ರ ನೋಡಿದವರ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು ಎಂದು ಸ್ಥಳದಲ್ಲೇ ಊಹಿಸಿ. ಉತ್ತರ ಪಡೆಯದೆ ಅಲ್ಲಿಂದ ಹೊರಡಬೇಡಿ. ಪೆಟ್ಟು ತಿಂದವರ ಚಿತ್ರವಾದರೆ ಯಾವ ಆಸ್ಪತ್ರೆಗೆ ಕರೆದೊಯ್ದರು, ಈಗ ಹೇಗಿದ್ದಾರೆ ಎಂದು ಸಂಜೆ ಒಂದು ಫೋನ್ ಮಾಡುವುದು ಚಿತ್ರದ ಭಾಗವೇ.

ನಮ್ಮ ದೇಶದ ದೊಡ್ಡ ಉದಾಹರಣೆ ಭೋಪಾಲ್. 1984ರ ಡಿಸೆಂಬರಿನಲ್ಲಿ ಅನಿಲ ದುರಂತದ ನಂತರ ಮಣ್ಣು ಮುಚ್ಚುತ್ತಿದ್ದ ಗುರುತು ಸಿಗದ ಮಗುವಿನ ಮುಖವನ್ನು ಪಾಬ್ಲೊ ಬಾರ್ಥೊಲೊಮ್ಯೂ ಬಣ್ಣದಲ್ಲೂ ರಘು ರೈ ಕಪ್ಪುಬಿಳುಪಿನಲ್ಲೂ ತೆಗೆದರು. ಪಾಬ್ಲೊ ಅವರದ್ದು ವರ್ಲ್ಡ್ ಪ್ರೆಸ್ ಫೋಟೊ ಎಂಬ ಜಾಗತಿಕ ಸುದ್ದಿಚಿತ್ರ ಸ್ಪರ್ಧೆಯಲ್ಲಿ ಆ ವರ್ಷದ ಚಿತ್ರವಾಯಿತು. ರಘು ರೈ ವರ್ಷಗಳ ನಂತರ ಮತ್ತೆ ಭೋಪಾಲಿಗೆ ಹೋಗಿ ಬದುಕುಳಿದವರನ್ನು ಚಿತ್ರಿಸಿದರು. ಮೊದಲ ಚಿತ್ರ ಲೋಕವನ್ನು ಅಲ್ಲಿಗೆ ತಿರುಗಿಸಿತು, ಅನಂತರದ ಚಿತ್ರಗಳು ವಿಷ ಒಂದೇ ರಾತ್ರಿಗೆ ಮುಗಿಯಲಿಲ್ಲ ಎಂಬುದನ್ನು ತೋರಿಸಿದವು. ಎರಡರಲ್ಲಿ ಒಂದನ್ನು ಆರಿಸು ಎಂದು ನನ್ನನ್ನು ಕೇಳಿದರೆ ಆರಿಸಲಾರೆ.

ನೀವು ಮಂಡ್ಯದವರಾದ್ದರಿಂದ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಲೇಬೇಕು. 1923ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಅಮೆರಿಕದ ಲೈಫ್‌ನಂಥ ಪತ್ರಿಕೆಗಳಿಗೂ ವಿಶ್ವಸಂಸ್ಥೆಯ ಸಂಸ್ಥೆಗಳಿಗೂ ಚಿತ್ರ ತೆಗೆದು, 1977ರಲ್ಲಿ ಪದ್ಮಶ್ರೀ ಪಡೆದು, 2009ರಲ್ಲಿ ಮೈಸೂರಿನಲ್ಲೇ ತೀರಿಕೊಂಡವರು. ಅವರ ಚಿತ್ರಗಳಲ್ಲಿ ಬೆಂಕಿ ರಕ್ತ ಹುಡುಕಿದರೂ ಅಪರೂಪ. ಶಾಲೆಯ ಮಕ್ಕಳು, ದುಡಿಯುವ ಹೆಂಗಸರು, ಬೀದಿಯ ಸಾಮಾನ್ಯರು. ಆದರೂ ಕಣ್ಣು ನಿಲ್ಲುತ್ತದೆ. ಕಾರಣ ಹುಡುಕಿದರೆ ಸಿಗುವುದು ಎರಡು: ದೇಹಭಂಗಿಯ ಕರಾರುವಾಕ್ಕಾದ ಕ್ಷಣ, ಮತ್ತು ಹಿನ್ನೆಲೆಯಲ್ಲಿ ಅನಗತ್ಯವಾದ ಒಂದು ವಸ್ತುವೂ ಇಲ್ಲದಿರುವುದು. ಆಘಾತವಿಲ್ಲದ ವಿಷಯದಲ್ಲೂ ಪರಿಣಾಮ ಹುಟ್ಟಿಸಬಹುದು ಎಂಬುದನ್ನು ಕಲಿಯಲು ಇದಕ್ಕಿಂತ ಹತ್ತಿರದ ಪಾಠಶಾಲೆ ಇಲ್ಲ.

ಈಗ ನಿಮ್ಮ ತಿರಸ್ಕೃತವಾದ ಹನ್ನೆರಡು ಚಿತ್ರಗಳ ವಿಷಯ. ಅವನ್ನು ನಾನು ನೋಡಿಲ್ಲ, ಆದರೆ ಇಂಥ ಕಟ್ಟುಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳು ಕೆಲವಿವೆ. ಎಲ್ಲವೂ ನಾಲ್ಕೈದು ಮೀಟರ್ ದೂರದಿಂದ, ನಿಂತ ಎತ್ತರದಿಂದ ತೆಗೆದವು. ಎಲ್ಲದರಲ್ಲೂ ರೈತ ಕ್ಯಾಮೆರಾ ನೋಡುತ್ತಿದ್ದಾನೆ. ಮೊದಲ ಚಿತ್ರವಾಗಬಲ್ಲದ್ದು ಒಂದೂ ಇಲ್ಲ. ಜತೆಗೆ ಬಿರುಕುಬಿಟ್ಟ ನೆಲ ಇದ್ದೇ ಇರುತ್ತದೆ. ಕೆಆರ್‌ಎಸ್ ಹಿನ್ನೀರಿನ ಅಂಚಿನ ಜೇಡಿ ಮಣ್ಣು ಒಳ್ಳೆಯ ಮಳೆಯಾದ ವರ್ಷದ ಬೇಸಿಗೆಯಲ್ಲೂ ನೀರು ಸರಿದೊಡನೆ ಬಿರುಕು ಬಿಡುತ್ತದೆ. ಅದನ್ನು ಬರಗಾಲದ ಸಾಕ್ಷಿಯೆಂದು ಕೊಡುವುದು ಸುಳ್ಳಿಗೆ ಹತ್ತಿರ. ಬರ ಇರುವುದು ಗದ್ದೆಯ ಬಿರುಕಿನಲ್ಲಿ, ಅದರೊಳಗೆ ಬಾಡಿ ನಿಂತ ಪೈರಿನಲ್ಲಿ.

ಸರಣಿಗೆ ಕೂಡುವ ಮುನ್ನ ಕಾರಣದ ಸರಪಳಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೆಆರ್‌ಎಸ್ ಜಲಾಶಯದ ಪೂರ್ಣ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ ಅಡಿ. ಮಟ್ಟ ಇಳಿದಾಗ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ನೀರು ಹರಿಸುತ್ತಾರೆ. ಮೇಲ್ಭಾಗದ ತೂಬುಗಳು ಮೊದಲು ಕುಡಿಯುತ್ತವೆ. ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗಕ್ಕೆ ನೀರು ಮುಟ್ಟುವಷ್ಟರಲ್ಲಿ ನಿಲ್ಲಿಸುವ ದಿನ ಬಂದಿರುತ್ತದೆ. ಇನ್ನೊಂದು ಕಡೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನ ಅಳತೆ ಕೇಂದ್ರದಲ್ಲಿ 177.25 ಟಿಎಂಸಿ ಅಡಿ ತಮಿಳುನಾಡಿಗೆ ಹರಿಯಬೇಕು. ಈ ಸರಪಳಿಯ ಪ್ರತಿ ಕೊಂಡಿಗೂ ಕಣ್ಣಿಗೆ ಕಾಣುವ ಒಂದು ವಸ್ತು ಇದೆಯೇ ನೋಡಿ: ಅಣೆಕಟ್ಟೆಯ ಮಟ್ಟದ ಅಳತೆಪಟ್ಟಿ, ಮೇಲ್ಭಾಗದಲ್ಲಿ ತುಂಬಿದ ನಾಲೆ, ಕೆಳಗೆ ಹೂಳು ಮತ್ತು ಜೊಂಡು ತುಂಬಿದ ಉಪನಾಲೆ, ಬೀಗ ಹಾಕಿದ ತೂಬು, ಬೋರ್‌ವೆಲ್ ಪೈಪು ಎತ್ತುತ್ತಿರುವವರು, ಬಾಡಿದ ಕಬ್ಬಿನ ಸುಳಿ, ಪಹಣಿ ಮತ್ತು ಸಾಲದ ಪಾಸ್‌ಬುಕ್. ಮನೆಯೊಳಗಿನ ದುಃಖಿತ ಮುಖ ಈ ಸರಪಳಿಯ ಕೊನೆಯ ಕೊಂಡಿ. ಅದೊಂದನ್ನೇ ಕೊಟ್ಟರೆ ಓದುಗರಿಗೆ ಕನಿಕರ ಬರುತ್ತದೆ, ನೀರು ಎಲ್ಲಿ ನಿಂತಿತು ಎಂಬುದು ತಿಳಿಯುವುದಿಲ್ಲ.

ಹಿಂದೆ ಲೈಫ್ ಪತ್ರಿಕೆಯ ಹೆಸರಲ್ಲಿ ಹೇಳಿಕೊಡುತ್ತಿದ್ದ ಒಂದು ಸೂತ್ರವಿದೆ: ಇಡೀ ಜಾಗ ಕಾಣುವ ಚಿತ್ರ, ಮಧ್ಯಮ ದೂರದ್ದು, ಹತ್ತಿರದ ವಿವರ, ವ್ಯಕ್ತಿಚಿತ್ರ, ಇಬ್ಬರ ನಡುವಿನ ವ್ಯವಹಾರ, ಎಲ್ಲವನ್ನೂ ಹಿಡಿದಿಡುವ ಮುಖ್ಯ ಚಿತ್ರ, ಒಂದು ಕೆಲಸದ ಹಂತಗಳು, ಮುಗಿಸುವ ಚಿತ್ರ. ಎಂಟನ್ನೂ ಪ್ರತಿ ಸಲ ತುಂಬಬೇಕೆಂದಿಲ್ಲ. ಮನೆಗೆ ಹೊರಡುವ ಮುನ್ನ ಏನು ಬಿಟ್ಟುಹೋಗಿದೆ ಎಂದು ನೋಡಿಕೊಳ್ಳಲು ಅದು ಉಪಯೋಗ. ನಮ್ಮಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ‘ಇಬ್ಬರ ನಡುವಿನ ವ್ಯವಹಾರ’. ನೀರುಗಂಟಿಯೂ ರೈತನೂ ತೂಬಿನ ಬಳಿ ವಾದಿಸುವುದು, ಕಬ್ಬು ಕಟಾವಿನ ಸರದಿಗೆ ರೈತ ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿಯನ್ನು ಕೇಳಿಕೊಳ್ಳುವುದು. ಇಂಥದ್ದು ಒಂದೇ ಭೇಟಿಯಲ್ಲಿ ಸಿಗುವುದಿಲ್ಲ. ಮೊದಲ ಸಲ ಹೋದಾಗ ಜನ ನಿಮಗಾಗಿ ನಿಲ್ಲುತ್ತಾರೆ. ಮೂರನೆಯ ಸಲ ಹೋದಾಗ ತಮ್ಮ ಕೆಲಸ ಮುಂದುವರಿಸುತ್ತಾರೆ. ಅಮೆರಿಕದ ಛಾಯಾಗ್ರಾಹಕ ಡಬ್ಲ್ಯು. ಯೂಜೀನ್ ಸ್ಮಿತ್ ಜಪಾನಿನ ಮಿನಮಾತಾದಲ್ಲಿ ಪಾದರಸದ ವಿಷಕ್ಕೆ ತುತ್ತಾದವರ ನಡುವೆ 1971ರಿಂದ ಸುಮಾರು ಮೂರು ವರ್ಷ ಬದುಕಿದ್ದು ಈ ಕಾರಣಕ್ಕೇ. ನಿಮಗೆ ಮೂರು ವರ್ಷ ಬೇಕಾಗಿಲ್ಲ. ನಿಮ್ಮ ಊರಿನಿಂದ ಬೈಕಿನಲ್ಲಿ ಒಂದು ಗಂಟೆಯ ದಾರಿಯ ಹಳ್ಳಿಗೆ ಒಂದು ಬೆಳೆಯ ಅವಧಿಯಲ್ಲಿ ನಾಲ್ಕು ಸಲ ಹೋಗುವುದು ರಾಜಧಾನಿಯ ಯಾವ ಛಾಯಾಗ್ರಾಹಕನಿಗೂ ಇಲ್ಲದ ಅನುಕೂಲ.

ದಸರಾ ವಿಷಯಕ್ಕೆ ಚಿಕ್ಕದಾಗಿ. ವಿಜಯದಶಮಿಯ ದಿನ 750 ಕಿಲೊ ತೂಕದ ಚಿನ್ನದ ಅಂಬಾರಿ ಹೊತ್ತ ಆನೆಯ ಚಿತ್ರ ಬೇಕೇ ಬೇಕು, ಆದರೆ ಅದು ಸಾವಿರ ಕ್ಯಾಮೆರಾಗಳಲ್ಲಿ ಒಂದೇ ರೀತಿ ಇರುತ್ತದೆ. ಆ ವರ್ಷವನ್ನು ಹೇಳುವುದು ಸುತ್ತಲಿನ ಜಾಗ. 2020ರಲ್ಲಿ ಕೋವಿಡ್ ಕಾರಣಕ್ಕೆ ಜಂಬೂಸವಾರಿ ಅರಮನೆ ಆವರಣದೊಳಗೇ ಮುಗಿಯಿತು. ಆ ಸಲ ಅಂಬಾರಿಯನ್ನು ಬಿಗಿಯಾಗಿ ತೆಗೆದ ಚಿತ್ರ ಯಾವ ವರ್ಷದ್ದೂ ಆಗಬಹುದಿತ್ತು. ಹಿಂದೆ ಸರಿದು ಬರಿದಾದ ಜಾಗವನ್ನೂ ಸೇರಿಸಿದ ಚಿತ್ರ ಮಾತ್ರ ಆ ವರ್ಷದ್ದು. ಮೆರವಣಿಗೆ ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆಗೆ ಬರುವಾಗ ಉತ್ತರಕ್ಕೆ ಸಾಗುತ್ತದೆ. ನೀವು ಎದುರಿಗೆ ನಿಂತರೆ ಇಳಿಬಿಸಿಲು ನಿಮ್ಮ ಬಲಗಡೆ, ಪಶ್ಚಿಮದ ಕಟ್ಟಡಗಳ ನೆರಳು ರಸ್ತೆಯ ಮೇಲೆ. ನಿಮ್ಮ 55–250 ಲೆನ್ಸ್ 250ರಲ್ಲಿ ಎಫ್/5.6ಕ್ಕಿಂತ ತೆರೆಯುವುದಿಲ್ಲ, ಆದ್ದರಿಂದ ಐಎಸ್‌ಒ 1600ಕ್ಕೆ ಏರಿಸಲು ಹಿಂಜರಿಯಬೇಡಿ, 1/500ಕ್ಕಿಂತ ಕೆಳಗೆ ಇಳಿಯಬೇಡಿ. ಕಥೆ ಬೇಕಿದ್ದರೆ ಅದಕ್ಕೂ ಹಲವು ವಾರ ಮೊದಲೇ ಹೋಗಬೇಕು. ಕಾಡಿನ ಶಿಬಿರಗಳಿಂದ ಬಂದ ಮಾವುತರು, ಕಾವಾಡಿಗಳು ಕುಟುಂಬ ಸಮೇತ ಅರಮನೆ ಆವರಣದಲ್ಲಿ ಬಿಡಾರ ಹೂಡಿರುತ್ತಾರೆ. ಮರಳಿನ ಮೂಟೆ ಹೊರಿಸುವ ತಾಲೀಮು, ಮರದ ಅಂಬಾರಿ, ಕುಶಾಲತೋಪಿನ ಸದ್ದಿಗೆ ಆನೆಗಳನ್ನು ಒಗ್ಗಿಸುವುದು, ಮಾವುತರ ಮಕ್ಕಳ ತಾತ್ಕಾಲಿಕ ಶಾಲೆ, ಎಲ್ಲ ನಿಧಾನವಾಗಿ ನಡೆಯುತ್ತವೆ. ಅಂಬಾರಿಯ ಚಿತ್ರದ ಪಕ್ಕ ಮರಳಿನ ಮೂಟೆಯ ಚಿತ್ರ ಇಟ್ಟರೆ ಆ ಭಾರ ಏನೆಂದು ಓದುಗರಿಗೆ ತಿಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿ ಹೇಳುತ್ತೇನೆ. ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಗೆ ಹೋಗಿ ಹೆಂಡತಿಯ ಕೈಗೆ ಗಂಡನ ಫೋಟೊ ಕೊಟ್ಟು ಗೋಡೆಗೆ ಒರಗಿಸಿ ಕೂರಿಸುವ ಚಿತ್ರವನ್ನು ದಯವಿಟ್ಟು ಬಿಡಿ. ನೋಡಿ ನೋಡಿ ಅದು ಸವೆದಿದೆ. ನೀವು ಕೂರಿಸಿದ ಭಂಗಿ ಸುದ್ದಿಯಲ್ಲಿ ನಡೆದ ಘಟನೆಯೆಂಬಂತೆ ಅಚ್ಚಾಗುತ್ತದೆ. ಆ ತಾಯಿ ಒಪ್ಪಿದರೆ ವ್ಯಕ್ತಿಚಿತ್ರ ತೆಗೆಯಿರಿ, ಅಡಿಬರಹದಲ್ಲಿ ಅದು ಚಿತ್ರಕ್ಕಾಗಿ ಕುಳಿತದ್ದೆಂದು ಗೊತ್ತಾಗಲಿ. ಪಾಸ್‌ಬುಕ್ ತೆಗೆದರೆ ಖಾತೆ ಸಂಖ್ಯೆ ಕಾಣದಂತೆ ಬೆರಳು ಅಡ್ಡ ಇಡಿಸಿ. ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಅಪರಾಧಕ್ಕೆ ಬಲಿಯಾದ, ಸಾಕ್ಷಿಯಾದ, ಆರೋಪಕ್ಕೊಳಗಾದ ಅಥವಾ ಪೋಷಣೆ ಬೇಕಾದ ಮಗುವಿನ ಗುರುತು ಬಯಲಾಗುವ ಚಿತ್ರ ಹಾಕುವಂತಿಲ್ಲ. ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮುಖ ಮಸುಕು ಮಾಡಿ ಶಾಲೆಯ ಸಮವಸ್ತ್ರ, ಮನೆಯ ಬಾಗಿಲು ಹಾಗೇ ಬಿಟ್ಟರೆ ಊರಿನವರಿಗೆಲ್ಲ ಗುರುತು ಸಿಗುತ್ತದೆ. ಇಂಥ ಕಡೆ ಮೊದಲೇ ಬೆನ್ನ ಹಿಂದಿನಿಂದ ತೆಗೆಯುವುದು ಒಳ್ಳೆಯದು.

ಫೋನಿನ ಬಗ್ಗೆ ಎರಡು ಎಚ್ಚರಿಕೆ. ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ನೈಟ್ ಮೋಡ್ ಹಲವು ಚಿತ್ರಗಳನ್ನು ಬೆರೆಸುವುದರಿಂದ ಓಡಾಡುವವರು ಕಲೆಸಿಹೋಗುತ್ತಾರೆ. ಎರಡನ್ನೂ ಸುದ್ದಿಗೆ ಬಳಸಬೇಡಿ. ಬೇಡದ ವಸ್ತುವನ್ನು ಅಳಿಸುವ ಸೌಲಭ್ಯವನ್ನಂತೂ ಮುಟ್ಟಲೇಬೇಡಿ. ಸಿರಿಯಾದ ಚಿತ್ರವೊಂದರ ಮೂಲೆಯಲ್ಲಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಅಳಿಸಿದ್ದಕ್ಕೆ ಪುಲಿಟ್ಜರ್ ತಂಡದಲ್ಲಿದ್ದ ನಾರ್ಸಿಸೊ ಕಾಂಟ್ರೆರಾಸ್ ಜತೆಗಿನ ಸಂಬಂಧವನ್ನು ಎಪಿ ಸುದ್ದಿಸಂಸ್ಥೆ 2014ರಲ್ಲಿ ಕಡಿದುಕೊಂಡಿತು.

ಡೆಸ್ಕಿಗೆ ಕೊಡುವ ಬಗೆ ಬದಲಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಹನ್ನೆರಡು ಚಿತ್ರ ಕಳಿಸಬೇಡಿ. ಮುನ್ನೂರು ಫ್ರೇಮುಗಳಿಂದ ಮೊದಲ ಸುತ್ತಿನಲ್ಲಿ ನಲವತ್ತು ಉಳಿಸಿ, ಒಂದು ರಾತ್ರಿ ಬಿಟ್ಟು ಅವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಒಟ್ಟಿಗೆ ನೋಡಿ. ಆ ಗಾತ್ರದಲ್ಲೂ ಕಣ್ಣು ಎಲ್ಲಿ ನಿಲ್ಲುತ್ತದೋ ಅದು ಮೊದಲ ಚಿತ್ರ. ಒಂದೇ ಮಾತನ್ನು ಹೇಳುವ ಎರಡು ಚಿತ್ರಗಳಿದ್ದರೆ ಒಂದನ್ನು ತೆಗೆಯಿರಿ, ಎಷ್ಟೇ ಇಷ್ಟವಾಗಿರಲಿ. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲೇ ಕಥೆ ವಿಭಾಗಕ್ಕೆ ಹೆಚ್ಚೆಂದರೆ 10 ಚಿತ್ರ; ದಿನಪತ್ರಿಕೆಗೆ ಆರು ಕೊಟ್ಟರೆ ಧಾರಾಳ. ಪುಟ ಕೇಳುವ ಬದಲು ಎರಡು ಚಿತ್ರ ಕೇಳಿ. ಟೈರಿನ ಚಿತ್ರ ಮೂರು ಕಾಲಂ, ಅದರ ಪಕ್ಕ ಬೀಗ ಹಾಕಿದ ತೂಬು ಎರಡು ಕಾಲಂ. ಒಂದು ಚಿತ್ರ ಕೇಳಿದ ಸಂಪಾದಕರು ಜೋಡಿಗೆ ಒಪ್ಪುವುದು ಪೂರ್ಣ ಪುಟಕ್ಕೆ ಒಪ್ಪುವುದಕ್ಕಿಂತ ಸುಲಭ, ಮತ್ತು ಬೀದಿಯ ಕೋಪಕ್ಕೂ ಗದ್ದೆಯ ಕಾರಣಕ್ಕೂ ಇರುವ ನಂಟು ಆ ಜೋಡಿಯಲ್ಲೇ ಕಾಣುತ್ತದೆ. ವೆಬ್‌ಗಾದರೆ ಮೊದಲು ಕಣ್ಣು ಹಿಡಿಯುವುದು, ಎರಡನೆಯದು ಜಾಗ ತೋರಿಸುವುದು, ಮೂರನೆಯದು ಕಾರಣ ಹೇಳುವುದು. ಮೂರನ್ನು ದಾಟಿ ಸರಿಸುವವರು ಕಡಿಮೆ ಎಂದುಕೊಂಡೇ ಜೋಡಿಸಿ.

ಅಡಿಬರಹ ಎರಡು ವಾಕ್ಯ. ‘ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ರೈತರು ಪ್ರತಿಭಟಿಸಿದರು’ ಎಂಬುದು ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳುತ್ತದೆ. ಮೊದಲ ವಾಕ್ಯದಲ್ಲಿ ಯಾರು, ಎಲ್ಲಿ, ಯಾವ ದಿನ, ಏನು ಮಾಡುತ್ತಿದ್ದಾರೆ. ಎರಡನೆಯದರಲ್ಲಿ ಚಿತ್ರಕ್ಕೆ ಕಾಣದ ಒಂದು ಅಂಕಿ ಅಥವಾ ಕಾರಣ: ಆ ಉಪನಾಲೆಗೆ ಕೊನೆಯ ಸಲ ನೀರು ಬಂದದ್ದು ಯಾವ ದಿನ, ಎಷ್ಟು ಎಕರೆ ನಾಟಿ ಆಗಿತ್ತು, ಆ ಬೆಳಿಗ್ಗೆ ಜಲಾಶಯದ ಮಟ್ಟ ಎಷ್ಟು. ಹೆಸರು, ಊರು, ಅಂಕಿಯನ್ನು ಸ್ಥಳದಲ್ಲೇ ಬರೆದುಕೊಳ್ಳಿ. ಫೋನಿನಲ್ಲಿ ಅವರ ಬಾಯಿಂದಲೇ ಹೆಸರು ಹೇಳಿಸಿ ರೆಕಾರ್ಡ್ ಮಾಡಿದರೆ ಕಾಗುಣಿತ ತಪ್ಪುವುದಿಲ್ಲ. ಇದನ್ನೆಲ್ಲ ಚಿತ್ರದ ಐಪಿಟಿಸಿ ವಿವರಣೆಯಲ್ಲಿ, ಅಂದರೆ ಚಿತ್ರದ ಫೈಲಿನೊಳಗೇ ಉಳಿಯುವ ಮಾಹಿತಿ ಜಾಗದಲ್ಲಿ, ತುಂಬಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಗಾತ್ರ ಕುಗ್ಗಿ ಈ ವಿವರವೂ ಅಳಿಸಿಹೋಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಕಳಿಸಿ.

ತಿರಸ್ಕೃತವಾದ ಹನ್ನೆರಡನ್ನು ಅಳಿಸಬೇಡಿ. ಪ್ರತಿಯೊಂದನ್ನೂ ಎಲ್ಲಿ ನಿಂತು, ಯಾವ ಫೋಕಲ್ ದೂರದಲ್ಲಿ ತೆಗೆದಿರಿ ಎಂದು ಗುರುತು ಹಾಕಿಡಿ. ನಾಲೆಗೆ ಮುಂದಿನ ಕಟ್ಟು ನೀರು ಬಿಡುವ ದಿನ ನೀರಾವರಿ ನಿಗಮದ ಸ್ಥಳೀಯ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಬಿಟ್ಟ ದಿನವೇ ಓಡಬೇಡಿ, ಕೊನೆಭಾಗಕ್ಕೆ ಮುಟ್ಟಲು ಸಮಯ ಹಿಡಿಯುತ್ತದೆ. ಆ ಊರಿನ ಯಾರದಾದರೂ ನಂಬರ್ ಇಟ್ಟುಕೊಂಡು ನೀರು ಪಕ್ಕದ ಊರು ದಾಟಿದಾಗ ಕರೆ ಮಾಡಲು ಹೇಳಿ. ಹಳೆಯ ಜಾಗದಲ್ಲೇ, ಹಳೆಯ ಫೋಕಲ್ ದೂರದಲ್ಲೇ ನಿಂತು ಅದೇ ಉಪನಾಲೆಯನ್ನು ಮತ್ತೆ ತೆಗೆಯಿರಿ. ನೀರು ಬಂದರೆ ಒಂದು ಜೋಡಿಚಿತ್ರ. ಬರದಿದ್ದರೆ, ದಿನಾಂಕ ಸಮೇತ, ಇನ್ನೊಂದು ಜೋಡಿಚಿತ್ರ.